ಮಂಗಳೂರಿನ ಐಡಿಯಲ್, ದಾವಣಗೆರೆಯ ಬಿಸಿಲು, ನಡುವೆ ಒಂದು ಥರ್ಮಾಕೋಲ್ ಪೆಟ್ಟಿಗೆ

ಬೆಳಗಿನ ಐದೂವರೆಗೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಡಿಕ್ಕಿಯಿಂದ ಬ್ಯಾಗ್ ಎತ್ತಿದಾಗಲೇ ಗೊತ್ತಾಯಿತು. ಒಳಗೆ ಗುಳುಗುಳು ಸದ್ದು. ಮಂಗಳೂರಿನ ಐಡಿಯಲ್ ಅಂಗಡಿಯ ನಾಲ್ಕು ಲೀಟರ್ ಐಸ್‌ಕ್ರೀಮ್, ಹತ್ತು ಸುತ್ತು ನ್ಯೂಸ್ ಪೇಪರ್, ಅದರ ಮೇಲೆ ಎರಡು ಟರ್ಕಿ ಟವೆಲ್. ಇಷ್ಟೆಲ್ಲ ಸುತ್ತಿದ್ದರೂ ಬ್ಯಾಗಿನ ತಳ ಒದ್ದೆಯಾಗಿ ಅಂಟಂಟಾಗಿತ್ತು. ಬಸ್ಸಿನ ಹಿಂದಿನ ಡಿಕ್ಕಿ ಎಂಜಿನ್ ಪಕ್ಕದಲ್ಲೇ ಇರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದಿದ್ದು ಆಟೋದಲ್ಲಿ ಕೂತ ಮೇಲೆ.

ಮನೆಯಲ್ಲಿ ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಐಸ್‌ಕ್ರೀಮ್ ತರ್ತೀನಿ ಅಂತ ಹೋಗಿ ಹಾಲು ತಂದಿಯಲ್ಲೋ" ಅಂದಳು. ಮಕ್ಕಳು ಲೋಟ ಹಿಡಿದು ನಿಂತಿದ್ದರು. ಲೋಟಕ್ಕೇ ಹಾಕಿಕೊಟ್ಟೆವು.

ಉಳಿದ ಎರಡು ಡಬ್ಬಿಗಳನ್ನು ಫ್ರೀಜರಿಗೆ ಇಟ್ಟು ಮತ್ತೆ ಗಟ್ಟಿ ಮಾಡಿದೆವು. ಸಂಜೆ ತಿಂದರೆ ಬಾಯಲ್ಲಿ ಮರಳು ಮರಳು. ನನ್ನ ಹೆಂಡತಿ ಒಂದು ಚಮಚ ಬಾಯಿಗಿಟ್ಟು, "ಇದು ಐಡಿಯಲ್ ಅಲ್ಲ ಮಾರಾಯ್ರೆ, ಇದು ಐಡಿಯಲ್‌ನ ಪ್ರೇತ" ಅಂದು ಎದ್ದು ಹೋದಳು. ಅವಳು ಮಂಗಳೂರಿನವಳು. ಈ ವಿಷಯದಲ್ಲಿ ಅವಳ ತೀರ್ಪಿಗೆ ಅಪೀಲಿಲ್ಲ.

ಇದು ಹೋದ ವರ್ಷದ ಕಥೆ. ಈ ವರ್ಷ ಅದೇ ನಾಲ್ಕು ಡಬ್ಬಿ ಕಲ್ಲಿನಂತೆ ಬಂದವು. ನಡುವೆ ಏನೇನು ಮಾಡಿದೆ, ಎಲ್ಲೆಲ್ಲಿ ದಡ್ಡನಾದೆ ಅಂತ ಬರೆದಿಡುತ್ತಿದ್ದೇನೆ. ನನ್ನದು ಮೋಟಾರ್ ವೈಂಡಿಂಗ್ ಕೆಲಸ. ತಾಮ್ರದ ತಂತಿ, ವಾರ್ನಿಷ್ ಬಿಟ್ಟರೆ ಬೇರೆ ಗೊತ್ತಿಲ್ಲ. ಥರ್ಮಾಕೋಲ್ ಮುಟ್ಟಿದ್ದು ಗಣಪತಿ ಮಂಟಪಕ್ಕೆ ಮಾತ್ರ.

ಮೊದಲು ಈ ಹುಚ್ಚು ಯಾಕೆ ಅಂತ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಐಸ್‌ಕ್ರೀಮಿಗೆ ಬರ ಇಲ್ಲ. ನಂದಿನಿ ಬೂತ್ ನಮ್ಮ ಬೀದಿ ತುದಿಯಲ್ಲೇ ಇದೆ. ಆದರೆ ಮಕ್ಕಳು ಬೇಸಿಗೆ ರಜೆಗೆ ಮಂಗಳೂರಿನ ಅಜ್ಜಿ ಮನೆಗೆ ಹೋಗುತ್ತಾರೆ. ಹೋದ ದಿನ ಸಂಜೆಯೇ ಹಂಪನಕಟ್ಟೆಯ ಐಡಿಯಲ್, ಇಲ್ಲದಿದ್ದರೆ ಲಾಲ್‌ಬಾಗ್ ಹತ್ತಿರದ ಪಬ್ಬಾಸ್. ಎರಡೂ ಒಂದೇ ಮನೆಯವರದು. 1975ರಲ್ಲಿ ಪ್ರಭಾಕರ ಕಾಮತ್ ಅವರು ಮಂಗಳೂರಿನ ಮಾರ್ಕೆಟ್ ರೋಡಿನಲ್ಲಿ ಶುರು ಮಾಡಿದ ಅಂಗಡಿ ಐಡಿಯಲ್. ನನ್ನ ಮಾವ ಆಗ ಕಾಲೇಜು ಹುಡುಗನಂತೆ. ಇವತ್ತಿಗೂ ಅವರು ಗಡ್‌ಬಡ್ ಬಿಟ್ಟು ಬೇರೆ ಆರ್ಡರ್ ಮಾಡಿದ್ದನ್ನು ಯಾರೂ ನೋಡಿಲ್ಲ.

ಗಡ್‌ಬಡ್ ಗೊತ್ತಲ್ವಾ? ಉದ್ದನೆಯ ಗಾಜಿನ ಲೋಟ. ತಳದಲ್ಲಿ ಜೆಲ್ಲಿ, ಅದರ ಮೇಲೆ ಒಂದು ಐಸ್‌ಕ್ರೀಮ್, ಹಣ್ಣಿನ ಚೂರು, ಮತ್ತೊಂದು ಐಸ್‌ಕ್ರೀಮ್, ಗೋಡಂಬಿ, ಮತ್ತೆ ಒಂದು. ಉದ್ದ ಚಮಚ ತಳಕ್ಕೆ ಇಳಿಸಿ ಮೇಲಕ್ಕೆ ಎಳೆಯಬೇಕು. ಇದನ್ನು ಮೊದಲು ಮಾಡಿದ್ದು ಉಡುಪಿಯ ಡಯಾನಾ ಹೋಟೆಲ್ ಅಂತ ಹೇಳುವವರಿದ್ದಾರೆ. ಮಾವನ ಮುಂದೆ ಮಾತ್ರ ಅದನ್ನು ಎತ್ತಬಾರದು, ಊಟ ತಡವಾಗುತ್ತದೆ.

ಅವ್ವನಿಗೆ ಮಂಡಿ ನೋವು, ಬಸ್ಸಿನಲ್ಲಿ ರಾತ್ರಿಯೆಲ್ಲ ಕೂರಲಾರಳು. ಮೊಮ್ಮಕ್ಕಳು ಪ್ರತಿ ವರ್ಷ ಬಂದು ವರ್ಣನೆ ಮಾಡೋದು ಕೇಳಿ ಕೇಳಿ, "ನನಗೂ ಒಂದ್ಸಲ ತಂದು ಕೊಡ್ರೋ" ಅಂದಿದ್ದಳು. ಅಲ್ಲಿಂದ ಶುರು.

ಕೆಟ್ಟಿದ್ದು ಎಲ್ಲಿ

ಕರಗಿದ ಡಬ್ಬಿಯನ್ನು ಮತ್ತೆ ಗಟ್ಟಿ ಮಾಡುವ ಮೊದಲು ಒಂದು ವಿಷಯ ಗಮನಿಸಿದ್ದೆ. ತುಂಬಿದ್ದ ಡಬ್ಬಿ ಕರಗಿ ನೊರೆ ಇಳಿದ ಮೇಲೆ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಇತ್ತು. ಸೋರಿದ್ದು ಎರಡು ಚಮಚವೂ ಇರಲಿಕ್ಕಿಲ್ಲ. ಹಾಗಾದರೆ ಉಳಿದದ್ದು? ಗಾಳಿ. ಐಸ್‌ಕ್ರೀಮ್ ಅಂದರೆ ಹಾಲು, ಸಕ್ಕರೆ, ಕೊಬ್ಬಿನ ಜೊತೆ ಕಡೆದು ಸೇರಿಸಿದ ಗಾಳಿ. ನಮ್ಮ ದೇಶದ ಆಹಾರ ನಿಯಮದಲ್ಲೇ ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಬೇಕು ಅಂತಿದೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿ ಇರಬಹುದು. ಅದು ಮೋಸ ಅಲ್ಲ. ಗಾಳಿ ಇಲ್ಲದಿದ್ದರೆ ಚಮಚ ಇಳಿಯುವುದೇ ಇಲ್ಲ.

ಕರಗಿದಾಗ ಆ ಗಾಳಿ ಹೋಗಿಬಿಡುತ್ತದೆ. ಮತ್ತೆ ಫ್ರೀಜರಿಗೆ ಇಟ್ಟರೆ ವಾಪಸ್ ಬರಲ್ಲ. ಇನ್ನೊಂದು ತೊಂದರೆ ಹರಳುಗಳದ್ದು. ಫ್ಯಾಕ್ಟರಿಯಲ್ಲಿ ಕಡೆಯುತ್ತಾ ಬೇಗ ಹೆಪ್ಪುಗಟ್ಟಿಸುವುದರಿಂದ ಐಸ್ ಹರಳು ನಾಲಿಗೆಗೆ ಸಿಗದಷ್ಟು ಸಣ್ಣದಾಗಿರುತ್ತದೆ. ಅರ್ಧ ಕರಗಿ, ಮನೆ ಫ್ರಿಜ್ಜಿನಲ್ಲಿ ನಿಧಾನಕ್ಕೆ ಗಟ್ಟಿಯಾದರೆ ಸಣ್ಣ ಹರಳೆಲ್ಲ ಹೋಗಿ ದೊಡ್ಡವು ಬೆಳೆಯುತ್ತವೆ. ಆ ಮರಳು ಅದೇ. ಹಾಗಾಗಿ "ಸ್ವಲ್ಪ ಕರಗಿದರೆ ಏನಂತೆ, ಮನೇಲಿ ಗಟ್ಟಿ ಮಾಡಿದರಾಯಿತು" ಅನ್ನುವ ಮಾತೇ ತಪ್ಪು. ದಾರಿಯುದ್ದಕ್ಕೂ ಒಮ್ಮೆಯೂ ಮೆತ್ತಗಾಗಬಾರದು. ನನ್ನ ಗುರಿ ಹೀಗೆ ಬರೆದುಕೊಂಡೆ: ಒಳಗೆ ಮೈನಸ್ 12 ಡಿಗ್ರಿಗಿಂತ ಮೇಲೆ ಹೋಗಬಾರದು, ಹತ್ತು ತಾಸು.

ಪ್ರಯಾಣ ಎಂಟೂವರೆ ತಾಸು. ಮಿಕ್ಕಿದ್ದು ಬಸ್ ಕೆಟ್ಟರೆ.

ಹೊಟ್ಟಿನ ಪೆಟ್ಟಿಗೆ

ಮೊದಲ ಐಡಿಯಾ ಅವ್ವನದೇ. ಹಿಂದೆ ದುಗ್ಗಮ್ಮನ ಜಾತ್ರೆಯಲ್ಲಿ ಐಸ್ ಗಡ್ಡೆಗಳನ್ನು ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿ ಇಡುತ್ತಿದ್ದರಂತೆ. ನಮ್ಮಲ್ಲಿ ಭತ್ತದ ಹೊಟ್ಟಿಗೆ ಏನು ಕಮ್ಮಿ? ಗೊತ್ತಿದ್ದ ಮಿಲ್ಲಿನಿಂದ ಒಂದು ಚೀಲ ತಂದೆ. ಒಂದು ರಟ್ಟಿನ ಡಬ್ಬದೊಳಗೆ ಇನ್ನೊಂದನ್ನು ಇಟ್ಟು, ನಡುವೆ ಮೂರು ಇಂಚು ಹೊಟ್ಟು ತುಂಬಿದೆ.

ಇಟ್ಟ ಜಾಗದಲ್ಲಿ ಇಟ್ಟರೆ ಪರವಾಗಿಲ್ಲ. ಬೈಕಿನ ಹಿಂದೆ ಕಟ್ಟಿ ನಿಟುವಳ್ಳಿ ತನಕ ಹೋಗಿ ಬಂದೆ. ಹೊಟ್ಟು ಕುಲುಕಿ ಕೆಳಗೆ ಕೂತು, ಮೇಲೆ ಎರಡು ಬೆರಳು ಖಾಲಿ ಜಾಗ ಬಿತ್ತು. ತೂಕ ಬೇರೆ ಐದು ಕೆಜಿ ಮೇಲೆ. ಒಳಗಿನ ರಟ್ಟು ಬೆವರಿ ಹಪ್ಪಳ ಆಗಿತ್ತು. ಆ ಹೊಟ್ಟು ಈಗ ಗುಲಾಬಿ ಕುಂಡದಲ್ಲಿದೆ.

ಥರ್ಮಾಕೋಲ್

ಮಂಡಿಪೇಟೆ ಕಡೆ ಹೋಗಿ ಎರಡು ಇಂಚಿನ ಶೀಟ್ ತಂದೆ. ಗಣಪತಿ ಮಂಟಪಕ್ಕೆ ಕೊಡುವ ಉದುರು ಶೀಟ್ ಅಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಬೀಳದ ಗಟ್ಟಿ ಜಾತಿ. ಅಂಗಡಿಯವರು "ಹೈ ಡೆನ್ಸಿಟಿ" ಅಂದರೆ ಕೊಡುತ್ತಾರೆ, ರೇಟು ಸ್ವಲ್ಪ ಜಾಸ್ತಿ.

ಅಳತೆ: ಒಳಗೆ ಉದ್ದ 30, ಅಗಲ 22, ಎತ್ತರ 24 ಸೆಂಟಿಮೀಟರ್. ಸುಮಾರು 16 ಲೀಟರ್ ಜಾಗ. ನಾಲ್ಕು ಲೀಟರ್ ಡಬ್ಬಿ ತಳದಲ್ಲಿ, ಮೇಲೆ ತಂಪು ಕೊಡುವ ಸಾಮಾನು. ತಂಪು ಗಾಳಿ ಕೆಳಗೆ ಇಳಿಯುತ್ತದೆ, ಆದ್ದರಿಂದ ಅದು ಮೇಲೇ ಇರಬೇಕು. ಬಾಗಿಲೂ ಮೇಲ್ಗಡೆಯೇ. ಪಕ್ಕಕ್ಕೆ ಬಾಗಿಲಿಟ್ಟರೆ ತೆರೆದ ಕೂಡಲೇ ತಂಪೆಲ್ಲ ಕಾಲ ಮೇಲೆ ಸುರಿದು ಹೋಗುತ್ತದೆ.

ಶೀಟ್ ಕತ್ತರಿಸುವುದೇ ಒಂದು ಪಾಠ. ಹ್ಯಾಕ್ಸಾ ಬ್ಲೇಡ್ ಹಾಕಿದರೆ ಮಣಿ ಮಣಿ ಕಿತ್ತು ಬಂದು ಮನೆ ತುಂಬ ಹಿಮ. ಮಗನಿಗೆ ಖುಷಿ, ಹೆಂಡತಿಗೆ ಪೊರಕೆ. ಕೊನೆಗೆ ಹಳೆಯ ಹೀಟರ್ ಕಾಯಿಲ್ ಬಿಚ್ಚಿ, ಸುರುಳಿ ಎಳೆದು ನೇರ ಮಾಡಿ, ಮರದ ಪಟ್ಟಿಗೆ ಬಿಲ್ಲಿನ ಹಾಗೆ ಕಟ್ಟಿದೆ. ಸ್ಕೂಟರಿನ 12 ವೋಲ್ಟ್ ಬ್ಯಾಟರಿ ಕೊಟ್ಟೆ. ಮೊದಲು ಒಂದು ಗೇಣು ತಂತಿ ಹಾಕಿದ್ದೆ. ಅದು ಕೆಂಪಗೆ ಕಾದು, ಬೆರಳಗಲದ ಕಾಲುವೆ ಕೊರೆಯಿತು. ತಂತಿ ಉದ್ದ ಮಾಡಿದ ಮೇಲೆ ಕರೆಂಟ್ ಇಳಿದು ಹದಕ್ಕೆ ಬಂತು. ತಂತಿ ಕೆಂಪಗಾಗಬಾರದು. ಬರೀ ಬಿಸಿಯಾಗಿ, ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಇಳಿಯಬೇಕು. ಅವಸರ ಮಾಡಿ ಒತ್ತಿದರೆ ತಂತಿ ನಡುವೆ ಬಾಗಿ, ಕತ್ತರಿಸಿದ ಮುಖ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಮಾಡುವವರು ಇದನ್ನು ಮಾಳಿಗೆ ಮೇಲೆ, ಗಾಳಿಯಲ್ಲೇ ಮಾಡಿ. ಆ ಹೊಗೆ ಒಳ್ಳೆಯದಲ್ಲ.

ಆಮೇಲೆ ಅಂಟು. ಇಲ್ಲಿ ನಾನು ದೊಡ್ಡ ದಡ್ಡನಾದೆ. ಅಂಗಡಿಯಲ್ಲಿ ಚಪ್ಪಲಿಗೆ ಹಚ್ಚುವ ರಬ್ಬರ್ ಸೊಲ್ಯೂಷನ್ ಇತ್ತು. ಗಟ್ಟಿ ಹಿಡಿಯುತ್ತದೆ ಅಂತ ಎರಡು ಅಂಚಿಗೂ ಧಾರಾಳವಾಗಿ ಬಳಿದೆ. ಬಳಿದ ಜಾಗದಲ್ಲಿ ಸಣ್ಣಗೆ ಚರಚರ ಸದ್ದು ಶುರುವಾಯಿತು. ಬಗ್ಗಿ ನೋಡುತ್ತೇನೆ, ಥರ್ಮಾಕೋಲ್ ನನ್ನ ಕಣ್ಣ ಮುಂದೆ ಕುಸಿಯುತ್ತಿದೆ. ಸಕ್ಕರೆ ಗುಡ್ಡೆಗೆ ನೀರು ಬಿಟ್ಟ ಹಾಗೆ. ಐದು ನಿಮಿಷದಲ್ಲಿ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಹಳ್ಳ. ಆ ಸೊಲ್ಯೂಷನ್ನಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಅದೇ ಕೆಲಸ ಮಾಡುತ್ತವೆ. ದಿನಾ ಥಿನ್ನರ್ ಮುಟ್ಟುವ ನನಗೆ ಇದು ಹೊಳೆಯಬೇಕಿತ್ತು. ಎರಡು ಪಕ್ಕದ ಗೋಡೆ ಮತ್ತೆ ಕತ್ತರಿಸಿದೆ.

ಸರಿಯಾದ ಅಂಟು ಬಿಳಿ ಫೆವಿಕಾಲ್. ಬಡಗಿಗಳು ಬಳಸುವುದು. ನಿಧಾನ ಒಣಗುತ್ತದೆ, ಎರಡು ಶೀಟಿನ ನಡುವೆ ಗಾಳಿ ಆಡದಿದ್ದರೆ ಇನ್ನೂ ನಿಧಾನ. ಒಣಗುವ ತನಕ ಗೋಡೆ ಜಾರದಂತೆ ಊದುಬತ್ತಿ ಉರಿದು ಉಳಿದ ಕಡ್ಡಿಗಳನ್ನು ಮೊಳೆ ಥರ ಚುಚ್ಚಿದೆ. ದೇವರ ಮನೆಯಲ್ಲಿ ಅವ್ವ ಇವನ್ನು ಯಾಕೆ ಕೂಡಿಡುತ್ತಾಳೆ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ. ಮೇಲೆ ಜೋಳದ ಚೀಲ ಹೇರಿ ಎರಡು ದಿನ ಬಿಟ್ಟೆ. ಸಂದಿಗೆಲ್ಲ ಒಳಗಿನಿಂದ ಮತ್ತೊಂದು ಕೈ ಫೆವಿಕಾಲ್, ಅದರ ಮೇಲೆ ಅಗಲ ಟೇಪ್.

ಮುಚ್ಚಳಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಸುಮ್ನೆ ಹಲಗೆಯ ಹಾಗೆ ಮೇಲೆ ಇಟ್ಟರೆ ಸಾಲದು. ಬಾಟಲಿಯ ಬಿರಡೆ ಥರ ಒಳಕ್ಕೆ ಒಂದು ಇಂಚು ಕೂರುವ ಮೆಟ್ಟಿಲು ಬೇಕು. ಎರಡು ಶೀಟ್ ಅಂಟಿಸಿ, ಕೆಳಗಿನದನ್ನು ಒಳ ಅಳತೆಗೆ ಕತ್ತರಿಸಿದೆ. ಅಂಚಿಗೆ ಮೊದಲು ಸೈಕಲ್ ಟ್ಯೂಬ್ ಸೀಳಿ ಹಚ್ಚಿದೆ. ತಂಪಿಗೆ ಅದು ಬಿರುಸಾಗಿ ಸಂದಿ ಬಿಟ್ಟಿತು. ಕಿಟಕಿಗೆ ಹಚ್ಚುವ ಫೋಮ್ ಟೇಪ್ ತಂದು ಹಾಕಿದೆ, ಕೂತಿತು. ಪರೀಕ್ಷೆ ಸುಲಭ: ಒಳಗೆ ಟಾರ್ಚ್ ಹಚ್ಚಿಟ್ಟು, ಮುಚ್ಚಳ ಹಾಕಿ, ರೂಮಿನ ಲೈಟ್ ಆರಿಸಿ. ಸಂದಿ ಇದ್ದರೆ ಬೆಳಕಿನ ಗೆರೆ ಕಾಣುತ್ತದೆ. ನಮ್ಮದರಲ್ಲಿ ಒಂದು ಮೂಲೆಯಲ್ಲಿ ಅಕ್ಕಿ ಕಾಳಿನಷ್ಟು ಬೆಳಕು. ಅದನ್ನು ಮಗಳು ಹುಡುಕಿದಳು.

ಹೊರಗಡೆ ಬೈಕ್ ಸೀಟ್ ಹೊಲಿಯುವವರ ಹತ್ತಿರ ರೆಕ್ಸಿನ್ ಚೀಲ, ಹೆಗಲಿಗೆ ಪಟ್ಟಿ. "ಏನ್ ಸಾರ್, ಪಿಜ್ಜಾ ಡೆಲಿವರಿ ಶುರು ಮಾಡಿದ್ರಾ" ಅಂದ ಹುಡುಗ.

ಜೀರೋ ಬಲ್ಬಿನ ಲೆಕ್ಕ

ಎಷ್ಟು ಐಸ್ ಬೇಕು ಅಂತ ಅಂದಾಜಿಗೆ ಹಾಕುವ ಬದಲು ಲೆಕ್ಕ ಮಾಡಿದೆ. ಪೆಟ್ಟಿಗೆಯ ಮೈ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಳಗೆ ಹೊರಗೆ ಸುಮಾರು 45 ಡಿಗ್ರಿ ವ್ಯತ್ಯಾಸ. 5 ಸೆಂಟಿಮೀಟರ್ ಥರ್ಮಾಕೋಲ್ ದಾಟಿ ಒಳಗೆ ಬರುವ ಶಾಖ ಸುಮಾರು 17 ವ್ಯಾಟ್ ಅಂತ ಬಂತು.

ಹಳೆಯ ಜೀರೋ ಬಲ್ಬ್ ನೆನಪಿದೆಯಲ್ಲ? ಹೆಸರಿಗೆ ಜೀರೋ, ತಿನ್ನುವುದು 15 ವ್ಯಾಟ್. ಅಂದರೆ ನನ್ನ ಪೆಟ್ಟಿಗೆಯೊಳಗೆ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯುತ್ತಿದ್ದ ಹಾಗೆ. ಹೆಂಡತಿಗೆ ಹೀಗೆ ಹೇಳಿದ ಮೇಲೆಯೇ ಅವಳಿಗೆ ಈ ಕೆಲಸದ ಮೇಲೆ ನಂಬಿಕೆ ಬಂದಿದ್ದು. ಎಂಟೂವರೆ ತಾಸು ಆ ಬಲ್ಬಿನ ಶಾಖ ನುಂಗೋಕೆ ಒಂದೂವರೆ ಕೆಜಿ ಐಸ್ ಕರಗಬೇಕು. ಅಷ್ಟೇನಾ ಅನ್ನಿಸಿತು. ಎರಡರಷ್ಟು ಹಾಕಿದರೆ ಮುಗೀತು ಅಂದುಕೊಂಡೆ.

ಮುಗೀಲಿಲ್ಲ.

ಟೆಸ್ಟ್‌ಗಳು

ಪ್ರತಿ ಟೆಸ್ಟಿಗೂ ಮಂಗಳೂರಿನಿಂದ ಡಬ್ಬಿ ತರೋಕಾಗುತ್ತದಾ? ಬೀದಿ ತುದಿಯಿಂದ ಒಂದೊಂದು ಲೀಟರ್ ನಂದಿನಿ ವೆನಿಲಾ ತಂದೆ. ಜೊತೆಗೆ ಉದ್ದ ವಯರಿನ ತುದಿಯಲ್ಲಿ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಮನೆಯ ನಿಯಮ ಏನೆಂದರೆ, ಟೆಸ್ಟ್ ಮುಗಿದ ಕೂಡಲೇ ಸಾಮಾನು ತಿಂದು ಖಾಲಿ ಮಾಡಬೇಕು. ಮಗ ದಿನಾ ಸ್ಕೂಲಿನಿಂದ ಬಂದು "ಅಪ್ಪಾ, ಇವತ್ತು ಟೆಸ್ಟ್ ಇಲ್ವಾ?" ಅಂತ ಕೇಳತೊಡಗಿದ.

ಮೊದಲ ಟೆಸ್ಟ್: ನೀರು ತುಂಬಿ ಗಟ್ಟಿ ಮಾಡಿದ ಆರು ಅರ್ಧ ಲೀಟರ್ ಬಾಟಲಿ. ಐದು ತಾಸು ಬಿಟ್ಟು ತೆರೆದರೆ ಬಾಟಲಿಗಳಲ್ಲಿ ಐಸ್ ಇನ್ನೂ ಬೇಕಾದಷ್ಟಿದೆ, ಐಸ್‌ಕ್ರೀಮ್ ಮಾತ್ರ ಗಂಜಿ. ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ನಾಚಿಕೆ ಆಯಿತು. ಐಸ್ ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಐಸ್‌ಕ್ರೀಮಿನಲ್ಲಿ ಸಕ್ಕರೆ ಇರುವುದರಿಂದ ಅದು ಸೊನ್ನೆಗಿಂತ ಎಷ್ಟೋ ಕೆಳಗೇ ಮೆತ್ತಗಾಗುತ್ತದೆ. ಅಂದರೆ ಐಸ್‌ಕ್ರೀಮಿಗೆ ಐಸ್ ಅನ್ನುವುದು ಬಿಸಿ ಪದಾರ್ಥ. ಪಕ್ಕದಲ್ಲಿ ಕೂರಿಸಿದರೆ ಕಾಯಿಸುತ್ತದೆ. ಹೋದ ವರ್ಷ ನಾನು ಪೇಪರ್ ಬದಲು ಐಸ್ ತುಂಬಿದ್ದರೂ ಲೋಟದಲ್ಲೇ ಕುಡಿಯಬೇಕಿತ್ತು.

ಎರಡನೇ ಟೆಸ್ಟ್: ಉಪ್ಪು. ನೀರಿಗೆ ಉಪ್ಪು ಬೆರೆಸಿದರೆ ಹೆಪ್ಪುಗಟ್ಟುವ ಮಟ್ಟ ಇಳಿಯುತ್ತದೆ ಅಂತ ಹೈಸ್ಕೂಲಿನಲ್ಲೇ ಓದಿದ್ದು. ನೂರಕ್ಕೆ 23ರಷ್ಟು ಉಪ್ಪಿದ್ದರೆ ಮೈನಸ್ 21 ತನಕ ಇಳಿಯುತ್ತದೆ, ಅದೇ ಕೊನೆ ಮಿತಿ. ಸರಿ, ಅಷ್ಟೇ ಉಪ್ಪು ಹಾಕಿ ಬಾಟಲಿ ತುಂಬಿ ಫ್ರೀಜರಿನಲ್ಲಿಟ್ಟೆ. ಒಂದು ದಿನ, ಎರಡು ದಿನ, ಮೂರು ದಿನ. ಬಾಟಲಿ ಅಲ್ಲಾಡಿಸಿದರೆ ನೀರು ನೀರೇ. ನಮ್ಮ ಫ್ರೀಜರ್ ಮೈನಸ್ 17 ದಾಟುವುದಿಲ್ಲ, ಈ ನೀರು ಮೈನಸ್ 21ರ ತನಕ ಗಟ್ಟಿಯಾಗುವುದಿಲ್ಲ. ಇಬ್ಬರೂ ಹಟ ಬಿಡಲಿಲ್ಲ.

ಮೂರನೆಯದು: ಉಪ್ಪು ಕಮ್ಮಿ ಮಾಡಿ, ಲೀಟರ್ ನೀರಿಗೆ 160 ಗ್ರಾಂ. ಇದು ಗಟ್ಟಿಯಾಯಿತು ಅಂದುಕೊಂಡೆ. ಬಾಟಲಿ ಹಿಂಡಿದರೆ ಒಳಗೆ ಗೋಲಾದ ಐಸಿನ ಹಾಗೆ ಮೆತ್ತಗೆ. ಮುಕ್ಕಾಲು ಪಾಲು ಉಪ್ಪುನೀರಾಗಿಯೇ ಉಳಿದಿತ್ತು. ಹಾಗಿದ್ದರೂ ಮೈನಸ್ 12 ಅನ್ನು ಐದು ತಾಸು ಹಿಡಿಯಿತು, ಆಮೇಲೆ ಕೈಬಿಟ್ಟಿತು. ಕರಗೋಕೆ ಐಸ್ ಇದ್ದರೆ ತಾನೆ ಶಾಖ ನುಂಗುವುದು.

ಡ್ರೈ ಐಸ್ ತರಿಸೋಣ ಅಂತ ಭಾವಮೈದ ಫೋನಿನಲ್ಲಿ ಹೇಳಿದ. ಅದು ಮೈನಸ್ 78 ಡಿಗ್ರಿ, ಕೆಲಸ ಖಂಡಿತ ಆಗುತ್ತದೆ. ಆದರೆ ಅದು ಕರಗುವ ಬದಲು ನೇರವಾಗಿ ಕಾರ್ಬನ್ ಡೈಆಕ್ಸೈಡ್ ಗಾಳಿಯಾಗುತ್ತದೆ. ನಾನು ಟಾರ್ಚ್ ಹಚ್ಚಿ ಸಂದಿ ಮುಚ್ಚಿದ ಪೆಟ್ಟಿಗೆಯೊಳಗೆ ಹಾಕಿದರೆ ಉಬ್ಬಿ ಒಡೆಯಬಹುದು. ಕಿಟಕಿ ಮುಚ್ಚಿದ ಸ್ಲೀಪರ್ ಬಸ್ಸಿನಲ್ಲಿ, ಮಲಗಿದವರ ಮಧ್ಯೆ ಅದನ್ನು ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಬೇಡ ಅಂದೆ.

ನಾಲ್ಕು ದಿನ ಪೆಟ್ಟಿಗೆ ಮೂಲೆಯಲ್ಲಿ ಕೂತಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ಬೀದಿಯಲ್ಲಿ ಗಂಟೆ ಸದ್ದು, ಕುಲ್ಫಿ ಗಾಡಿ. ಕೆಂಪು ಬಟ್ಟೆ ಸುತ್ತಿದ ದೊಡ್ಡ ಮಡಕೆ. ಮಕ್ಕಳು ಓಡಿದರು. ಅವ್ವ ಕಟ್ಟೆ ಮೇಲೆ ಕೂತು ನೋಡುತ್ತಿದ್ದವಳು, "ಅವನ ಹತ್ರ ಯಾವ ಫ್ರಿಜ್ ಐತೋ? ಐಸ್ ಕುಟ್ಟಿ ಉಪ್ಪು ಹಾಕ್ಯಾನ, ಸಂಜೆಯಿಂದ ಬೀದಿ ಬೀದಿ ಸುತ್ತಾನ" ಅಂದಳು.

ನಾನು ಮೂರು ವಾರದಿಂದ ಉಪ್ಪುನೀರನ್ನು ಗಟ್ಟಿ ಮಾಡೋಕೆ ಒದ್ದಾಡುತ್ತಿದ್ದೆ. ಗಟ್ಟಿ ಐಸಿಗೆ ಉಪ್ಪು ಹಾಕಬಹುದು ಅಂತ ಹೊಳೆದಿರಲಿಲ್ಲ! ಎರಡಕ್ಕೂ ಅಜಗಜಾಂತರ. ಬರೀ ನೀರು ಮನೆ ಫ್ರಿಜ್ಜಿನಲ್ಲಿ ಆರಾಮಾಗಿ ಐಸ್ ಆಗುತ್ತದೆ. ಹೊರಡುವ ಹೊತ್ತಿಗೆ ಅದನ್ನು ಕುಟ್ಟಿ ಕಲ್ಲುಪ್ಪು ಬೆರೆಸಿದರೆ, ಉಪ್ಪು ಐಸನ್ನು ಬಲವಂತವಾಗಿ ಕರಗಿಸುತ್ತದೆ. ಕರಗೋಕೆ ಬೇಕಾದ ಶಾಖವನ್ನು ಐಸ್ ತನ್ನಿಂದಲೇ ಕಿತ್ತುಕೊಂಡು ಮೈನಸ್ 18, 20ಕ್ಕೆ ಇಳಿಯುತ್ತದೆ. ಮೂರು ಪಾಲು ಐಸ್, ಒಂದು ಪಾಲು ಉಪ್ಪು. ಐಸ್ ಮುಗಿಯುವ ತನಕ ಅಲ್ಲೇ ನಿಂತಿರುತ್ತದೆ.

ನಾಲ್ಕನೇ ಟೆಸ್ಟ್: ಅಗಲ ಬಾಯಿಯ, ತಿರುಪು ಮುಚ್ಚಳದ ಎರಡು ಪ್ಲಾಸ್ಟಿಕ್ ಜಾಡಿ. ಮೂರು ಕೆಜಿ ಐಸನ್ನು ಗೋಣಿಚೀಲದಲ್ಲಿ ಹಾಕಿ ರುಬ್ಬುಗುಂಡಿನಿಂದ ಕುಟ್ಟಿದೆ. ತುಂಡು ಅಡಿಕೆ ಗಾತ್ರ ಇರಬೇಕು. ಪುಡಿ ಮಾಡಿದರೆ ಬೇಗ ಮುಗಿಯುತ್ತದೆ. ಒಂದು ಪದರ ಐಸ್, ಒಂದು ಹಿಡಿ ಕಲ್ಲುಪ್ಪು, ಮತ್ತೆ ಐಸ್. ಹತ್ತು ನಿಮಿಷಕ್ಕೆ ಜಾಡಿಯ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟಿತು. ಹಸಿ ಬೆರಳು ಇಟ್ಟರೆ ಅಂಟುತ್ತದೆ, ಇಡಬೇಡಿ. ನಾನು ಇಟ್ಟೆ.

ಸೆನ್ಸರ್ ಐಸ್‌ಕ್ರೀಮ್ ಡಬ್ಬಿಗೆ ತಾಗಿಸಿ ಬೆಳಗ್ಗೆ ಎಂಟಕ್ಕೆ ಮುಚ್ಚಿದೆ. ಆಗ ಮೈನಸ್ 15. ಮಧ್ಯಾಹ್ನ ಹನ್ನೆರಡಕ್ಕೆ ಮೈನಸ್ 15. ನಾಲ್ಕು ಗಂಟೆಗೆ, ಹೊರಗೆ 38 ಡಿಗ್ರಿ ಬಿಸಿಲಲ್ಲಿ ಮಾಳಿಗೆಗೆ ತಾಗಿದ ರೂಮು ಒಲೆಯಾಗಿದ್ದಾಗ, ಮೈನಸ್ 14. ಆರು ಗಂಟೆಗೆ ಮೈನಸ್ 12. ನನಗೆ ಬೇಕಿದ್ದದ್ದು ಹತ್ತು ತಾಸು, ಸರಿಯಾಗಿ ಹತ್ತು ತಾಸು ಸಿಕ್ಕಿತು. ಆ ಡಬ್ಬಿಯನ್ನು ಆರಕ್ಕೇ ತೆಗೆದು ಚಮಚ ಹಾಕಿದ್ದೆವು. ಮರಳು ಇರಲಿಲ್ಲ.

ಬಸ್ಸು

ಮೇ ತಿಂಗಳಲ್ಲಿ ಮಕ್ಕಳನ್ನು ಕರೆತರೋಕೆ ಹೋದೆ. ಮಾವನ ಮನೆ ಫ್ರೀಜರಿನಲ್ಲಿ ಎರಡು ದಿನ ಮೊದಲೇ ಐಸ್ ಮಾಡಿಸಿದ್ದೆ. ಐಸ್‌ಕ್ರೀಮನ್ನು ಸಂಜೆಯೇ ತಂದು, ಮನೆ ಫ್ರೀಜರಿನಲ್ಲೋ ಬರೀ ಐಸ್ ಹಾಕಿದ ಪೆಟ್ಟಿಗೆಯಲ್ಲೋ ಇಟ್ಟುಕೊಳ್ಳಬಾರದು. ಅಂಗಡಿಯ ಫ್ರೀಜರ್ ಮನೆಯದಕ್ಕಿಂತ ತಂಪು. ಹಾಗಾಗಿ ಬಸ್ಸಿಗೆ ಹೊರಡುವ ಮುಂಚೆ, ಜಾಡಿ ರೆಡಿ ಮಾಡಿ ಪೆಟ್ಟಿಗೆಯನ್ನು ಒಂದು ತಾಸು ಮೊದಲೇ ತಂಪು ಮಾಡಿಟ್ಟು, ಹಂಪನಕಟ್ಟೆಗೆ ಪೆಟ್ಟಿಗೆ ಸಮೇತ ಹೋದೆ. ಕೌಂಟರಿನ ಹುಡುಗ ಡಬ್ಬಿ ಕೊಟ್ಟ, ನಾನು ಅಲ್ಲೇ ಒಳಗಿಟ್ಟು ಬಿರಡೆ ಹಾಕಿದೆ. ಖಾಲಿ ಉಳಿದ ಸಂದಿಗೆ ಪೇಪರ್ ಉಂಡೆ.

ಈ ಸಲ ಡಿಕ್ಕಿಗೆ ಹಾಕಲಿಲ್ಲ, ಕಾಲ ಬುಡದಲ್ಲೇ ಇಟ್ಟುಕೊಂಡೆ. ಥರ್ಮಾಮೀಟರ್ ಡಿಸ್‌ಪ್ಲೇ ಚೀಲದ ಹೊರಗೆ ನೇತಾಡುತ್ತಿತ್ತು. ಕಂಡಕ್ಟರ್ ಬ್ಯಾಟರಿ ಹಾಕಿ ನೋಡಿ, "ಏನ್ರೀ ಇದು, ಔಷಧಿಯಾ?" ಅಂದರು. ಮಗ ಎದ್ದು ಕೂತು "ನಮ್ಮಜ್ಜಿಗೆ" ಅಂದ. ಅವರು ತಲೆಯಾಡಿಸಿ, ಪಾಪ ಅಂತ ಮುಂದೆ ಹೋದರು. ಸುಳ್ಳಂತೂ ಅಲ್ಲ.

ಶಿವಮೊಗ್ಗ ಬಂದಾಗ ಮೈನಸ್ 15. ಹೊನ್ನಾಳಿ ಹತ್ತಿರ ಎಚ್ಚರವಾಗಿ ನೋಡಿದೆ, ಮೈನಸ್ 14. ಕಾಲಿಗೆ ಏನೋ ಒದ್ದೆ ತಾಗಿತು. ಎದೆ ಧಸಕ್ ಅಂತು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ: ಉಪ್ಪು. ಒಂದು ಜಾಡಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಘಟ್ಟದ ತಿರುವಿನಲ್ಲಿ ವಾಲಿ ಸೋರಿತ್ತು. ಸಿಹಿ ಇದ್ದಿದ್ದರೆ ನಾನು ಹರಿಹರದಲ್ಲೇ ಇಳಿದುಬಿಡುತ್ತಿದ್ದೆ.

ಮನೆಗೆ ಬಂದಾಗ ಆರು ಗಂಟೆ, ಮೈನಸ್ 13. ಡಬ್ಬಿ ತೆಗೆದು ಗೋಡೆಗೆ ಬಡಿದರೆ ಟಣ್ ಅಂತು. ಒಂದರ ಲೇಬಲ್ ಮೇಲೆ ಉಪ್ಪಿನ ಬಿಳಿ ಕಲೆ, ಅಷ್ಟೇ ನಷ್ಟ. ಅವ್ವ ಹಲ್ಲು ಕೂಡ ಉಜ್ಜಿರಲಿಲ್ಲ. "ಈಗ್ಲೇ ಬೇಡ, ಸಂಜೆ" ಅಂದಳು. ಆದರೆ ಚಮಚ ಹುಡುಕಿ ತಂದಿದ್ದು ಅವಳೇ.

ಸಂಜೆ ಹೆಂಡತಿ ಗಡ್‌ಬಡ್ ಕಟ್ಟಿದಳು. ಉದ್ದ ಲೋಟ ಇರಲಿಲ್ಲ, ಹಿತ್ತಾಳೆ ಲೋಟ. ಜೆಲ್ಲಿ, ಮಾವು, ಬಾಳೆ, ಮೂರು ಬಣ್ಣ, ಗೋಡಂಬಿ. ಅವ್ವ ಪೂರ್ತಿ ತಿಂದು, ಲೋಟದ ತಳದ ಜೆಲ್ಲಿಯನ್ನು ಮಾತ್ರ ಮೊಮ್ಮಗನಿಗೆ ದಾಟಿಸಿದಳು. "ಇದೇನಿದು, ಬಾಯಾಗ ಜಾರ್ತದ. ಉಳಿದದ್ದು ಚಲೋ ಐತಿ. ಆ ಪ್ರೇತಕ್ಕಿಂತ ಭಾಳ ಚಲೋ" ಅಂದಳು.

ಈಗ ಮಾಡಬೇಕಾದ ಕೆಲಸ ಇಷ್ಟು: ಜಾಡಿ ಮುಚ್ಚಳಕ್ಕೆ ರಬ್ಬರ್ ವಾಷರ್, ಪೆಟ್ಟಿಗೆ ತಳಕ್ಕೆ ಪ್ಲಾಸ್ಟಿಕ್ ಟ್ರೇ. ಇನ್ನೊಂದು ಹೊಸ ತಲೆನೋವು ಬಂದಿದೆ. ಮುಂದಿನ ತಿಂಗಳು ಹೆಂಡತಿ ತವರಿಗೆ ಹೋಗುತ್ತಿದ್ದಾಳೆ. ಖಾಲಿ ಪೆಟ್ಟಿಗೆ ಯಾಕೆ ತರುತ್ತೀರಿ, ಎರಡು ಕೆಜಿ ದಾವಣಗೆರೆ ಬೆಣ್ಣೆ ಹಾಕಿ ಕಳಿಸಿ, ಮನೆಯಲ್ಲಿ ಬೆಣ್ಣೆ ದೋಸೆ ಮಾಡುತ್ತೇವೆ ಅಂತ ಮಾವ ಫೋನ್ ಮಾಡಿದ್ದಾರೆ. ಬೆಣ್ಣೆಗೆ ಬರೀ ಐಸ್ ಸಾಕು, ಉಪ್ಪು ಬೇಡ. ಆದರೆ ಅದರ ವಾಸನೆ ಥರ್ಮಾಕೋಲಿಗೆ ಹಿಡಿದರೆ ವಾಪಸ್ ಬರುವ ಐಸ್‌ಕ್ರೀಮಿನ ಗತಿ? ನಿನ್ನೆಯಿಂದ ಒಂದು ಮುಷ್ಟಿ ಬೆಣ್ಣೆಯನ್ನು ಒಳಗಿಟ್ಟು ಮುಚ್ಚಿದ್ದೇನೆ. ನಾಳೆ ತೆಗೆದು, ಸೋಡಾಪುಡಿ ನೀರಲ್ಲಿ ಒರೆಸಿ ಮೂಸಿ ನೋಡಬೇಕು. ಮಗ ಅದಕ್ಕೂ ಚಮಚ ಹಿಡಿದು ಕಾಯುತ್ತಿದ್ದಾನೆ.